ಕಲ್ಲಾದ ಮೊಟ್ಟೆಗಳೂ ಅವುಗಳ ನಾಮಕರಣವೂ

ಗೂಡಿನೊಳಗಿನ ಮೊಟ್ಟೆಯನ್ನು ಕಂಡು ಅದನ್ನಿಟ್ಟ ಪ್ರಾಣಿಯಾವುದೆಂದು ಹೇಳುವುದು ಸುಲಭ. ಆದರೆ ಇಟ್ಟ ಪ್ರಾಣಿಯ ಕುಲವೇ ಕೋಟ್ಯಂತರ ವರ್ಷಗಳ ಹಿಂದೆ ನಾಮಾವಶೇಷವಾಗಿ, ಮೊಟ್ಟೆಯು ಕಲ್ಲಾಗಿ ಉಳಿದಿದ್ದರೆ ಹೇಳುವವರಾರು? ಡೈನೋಸಾರುಗಳ ಮೊಟ್ಟೆಗಳ ವಿಷಯದಲ್ಲಿ ಪಂಡಿತರು ಈ ತೊಡಕನ್ನು ಬಹುಕಾಲ ಅನುಭವಿಸಿದರು.

ಫ್ರಾನ್ಸಿನ ಪಾದ್ರಿಯಾದ ಪೂಎಶ್ ಎಂಬವರು 1859ರಲ್ಲಿ ಪಿರನೀಸ್ ಪರ್ವತದ ತಪ್ಪಲಿನಲ್ಲಿ ದಪ್ಪನಾದ ಚಿಪ್ಪಿನ ಚೂರುಗಳನ್ನು ಕಂಡು, ಅವು ಯಾವುದೋ ಮಹಾಪಕ್ಷಿಯ ಮೊಟ್ಟೆಗಳಿರಬೇಕೆಂದು ಬಗೆದರು. 1877ರಲ್ಲಿ ಪಾಲ್ ಜೆರ್ವೆ ಎಂಬ ಪಂಡಿತರು ಪ್ರಾವೆನ್ಸ್ ಸೀಮೆಯ ಅಂತಹ ಚಿಪ್ಪುಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು, ಪಕ್ಷಿ, ಆಮೆ ಮೊದಲಾದವುಗಳ ಚಿಪ್ಪಿನೊಡನೆ ಹೋಲಿಸಿ ನೋಡಿದರು.

ಅತ್ಯಂತ ಪ್ರಸಿದ್ಧವಾದ ಪ್ರಮಾದವು ನಡೆದುದು ಮಂಗೋಲಿಯದಲ್ಲಿ. 1923ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಮ್ಮಿನವರು ಆಂಡ್ರೂಸ್ ಎಂಬವರ ನೇತೃತ್ವದಲ್ಲಿ ಗೋಬಿ ಮರುಭೂಮಿಯಲ್ಲಿ ನೀಳವಾದ ಮೊಟ್ಟೆಗಳ ಗೂಡುಗಳನ್ನು ಕಂಡುಹಿಡಿದರು. ಆ ಸ್ಥಳದಲ್ಲಿ ಪ್ರೋಟೊಸೆರಾಟಾಪ್ಸ್ ಎಂಬ ಪ್ರಾಣಿಯ ಎಲುಬುಗಳು ಹೇರಳವಾಗಿದ್ದುದರಿಂದ ಮೊಟ್ಟೆಗಳೂ ಅದರವೇ ಎಂದು ನಿಶ್ಚಯಿಸಲಾಯಿತು. ಒಂದು ಗೂಡಿನ ಮೇಲೆ ಹಲ್ಲಿಲ್ಲದ ಬೇರೊಂದು ಪ್ರಾಣಿಯ ಅಸ್ಥಿಯಿತ್ತು. ಇದು ಕದಿಯಲು ಬಂದು ಸತ್ತಿತೆಂದು ಊಹಿಸಿ, ಆಸ್‌ಬರ್ನ್ ಎಂಬವರು 1924ರಲ್ಲಿ ಅದಕ್ಕೆ 'ಓವಿರಾಪ್ಟರ್', ಅಂದರೆ ಮೊಟ್ಟೆಗಳ್ಳ, ಎಂಬ ಹೆಸರನ್ನಿಟ್ಟರು. ಈ ಹೆಸರು ಪ್ರಾಣಿಯ ಸ್ವಭಾವಕ್ಕೆ ಅಪಚಾರ ಮಾಡಬಹುದೆಂಬ ಶಂಕೆಯನ್ನೂ ಅವರೇ ಸೂಚಿಸಿದ್ದರು. ಆದರೂ ಅಪವಾದವು ಸುಮಾರು ಎಪ್ಪತ್ತು ವರ್ಷ ನಿಂತಿತು. 1993ರಲ್ಲಿ ಗೋಬಿಯಲ್ಲಿಯೇ ದೊರೆತ ಅದೇ ಬಗೆಯ ಮೊಟ್ಟೆಯೊಂದರೊಳಗೆ ಭ್ರೂಣದ ಎಲುಬುಗಳು ಕಾಣಿಸಿದುವು. ಅವು ಓವಿರಾಪ್ಟರಿನ ಕುಲದವೇ ಆಗಿದ್ದುವು! ಮುಂಗಾಲುಗಳನ್ನು ಚಾಚಿ ಗೂಡಿನ ಮೇಲೆ ಕುಳಿತಿದ್ದ ಅಸ್ಥಿಯೊಂದರ ವರ್ಣನೆಯು 1995ರಲ್ಲಿ ಪ್ರಕಟವಾದ ಮೇಲೆ ಸಂದೇಹವೇ ಉಳಿಯಲಿಲ್ಲ. ಕಳ್ಳನೆನಿಸಿಕೊಂಡುದು ಕಾವಿಗೆ ಕುಳಿತ ಜೀವವಾಗಿತ್ತು.

ಇಂತಹ ದುಡುಕಿಗೆ ಅವಕಾಶವೀಯದ ಕ್ರಮವೊಂದನ್ನು ಚೀನದ ಜಾವೋ ಜಿಕುಯಿ ಎಂಬವರು 1975ರಲ್ಲಿ ಏರ್ಪಡಿಸಿದರು. ಇದರಲ್ಲಿ ಮೊಟ್ಟೆಗಳಿಗೆ ಪ್ರಾಣಿಯ ಹೆಸರು ಬೇಕಾಗಿಲ್ಲ. ಅವುಗಳಿಗೆ ತಮ್ಮದೇ ಆದ ಕುಲವೂ ಜಾತಿಯೂ ಉಂಟು. ಆಕಾರ, ಗಾತ್ರ, ಚಿಪ್ಪಿನ ದಪ್ಪ, ಹೊರಮೈಯ ಗಂಟುಗೆರೆಗಳು, ಉಸಿರಾಟದ ರಂಧ್ರಗಳು, ಹರಳುಗಳ ಜೋಡಣೆ, ಇವೇ ಲಕ್ಷಣಗಳು. ಹೆಸರಿನ ಕೊನೆಯಲ್ಲಿ 'ಊಲಿಥಸ್', ಎಂದರೆ ಅಂಡಶಿಲೆ, ಎಂಬ ಪದವು ಬರುತ್ತದೆ. ರಷ್ಯದ ಮಿಖಾಯ್ಲೋವ್ ಮೊದಲಾದವರು ಚಿಪ್ಪಿನ ರಚನೆಯನ್ನು ಇನ್ನಷ್ಟು ಶೋಧಿಸಿ ಈ ಕ್ರಮವನ್ನು ಬಲಪಡಿಸಿದರು.

ನಮ್ಮ ದೇಶದಲ್ಲಿಯೂ ಇದೇ ಕ್ರಮವು ಬಳಕೆಯಲ್ಲಿದೆ. ಗುಜರಾತಿನ ಖೇಡಾ ಜಿಲ್ಲೆಯಲ್ಲಿಯೂ ನರ್ಮದಾ ಕಣಿವೆಯಲ್ಲಿಯೂ ದೊರೆತ ದುಂಡು ಮೊಟ್ಟೆಗಳಲ್ಲಿ ಹಲವು 'ಮೆಗಲೂಲಿಥಸ್' ಎಂಬ ಕುಲಕ್ಕೆ ಸೇರಿವೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯ 92 ಗೂಡುಗಳ 256 ಮೊಟ್ಟೆಗಳನ್ನು ಕುರಿತು 2023ರಲ್ಲಿ ಪ್ರಕಟವಾದ ಲೇಖನವು ಅವುಗಳಲ್ಲಿ ಆರು ಜಾತಿಗಳನ್ನು ಎಣಿಸಿದೆ. ಇವನ್ನು ಇಟ್ಟುವು ಟೈಟನೋಸಾರ್ ಎಂಬ ಭಾರೀ ಸಸ್ಯಾಹಾರಿಗಳೆಂದು ಪಂಡಿತರ ಮತ. ಆ ಮತವು ನಾಳೆ ತಿದ್ದಲ್ಪಟ್ಟರೂ ಮೊಟ್ಟೆಗಳ ಹೆಸರಿಗೆ ಬಾಧಕವಿಲ್ಲ.

ಓವಿರಾಪ್ಟರಿನ ಹೆಸರಾದರೋ ಇಂದಿಗೂ ಬದಲಾಗಿಲ್ಲ; ಮೊದಲಿಟ್ಟ ಹೆಸರೇ ನಿಲ್ಲಬೇಕೆಂಬುದು ಶಾಸ್ತ್ರದ ಕಟ್ಟಳೆ. ತಾಯಿಯು ನಿರಪರಾಧಿಯಾದರೂ ಗ್ರಂಥಗಳಲ್ಲಿ ಕಳ್ಳತನದ ಹೆಸರನ್ನು ಹೊತ್ತೇ ಇದೆ. ಕಂಡಷ್ಟಕ್ಕೆ ಮಾತ್ರ ಹೆಸರಿಡಬೇಕೆಂಬ ವಿವೇಕವನ್ನು ಶಾಸ್ತ್ರಜ್ಞರು ಕಲಿತುದು ಇಂತಹ ತಪ್ಪುಗಳಿಂದಲೇ.