ಸಂವಿಭಾಗ: ಒಂದು ಪದದ ವಿಚಾರ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಕೊನೆಯದಾದ ‘ಅತಿಥಿಸಂವಿಭಾಗ’ವನ್ನು ಆಹಾರದಾನವೆಂದು ಹೇಳಿ ಮುಂದೆ ಸಾಗುವುದು ರೂಢಿ. ಅರ್ಥ ತಪ್ಪಲ್ಲ; ಆದರೆ ಪದದೊಳಗಿನ ‘ಪಾಲು’ ಅಲ್ಲಿ ಮರೆಯಾಗುತ್ತದೆ.

ಸಂಸ್ಕೃತದ ‘ಭಜ್’ ಧಾತುವಿಗೆ ಹಂಚು, ಸೇವಿಸು ಎಂಬ ಅರ್ಥಗಳಿವೆ. ಭಾಗ, ಭಕ್ತಿ ಎಂಬ ಪದಗಳು ಅದರಿಂದಲೇ ಹುಟ್ಟಿದವು. ಅನ್ನಕ್ಕಿರುವ ‘ಭಕ್ತ’ ಎಂಬ ಹೆಸರೂ ಅಲ್ಲಿಯದೇ: ಹಂಚಿಕೊಟ್ಟ ಪಾಲು. ಅಣ್ಣತಮ್ಮಂದಿರ ಆಸ್ತಿಯ ಹಿಸೆಗೆ ‘ವಿಭಾಗ’ವೆನ್ನುತ್ತಾರೆ. ಅದಕ್ಕೆ ‘ಸಂ’ ಸೇರಿದಾಗ ಸಮೀಚೀನವಾದ ಹಂಚಿಕೆಯೆಂಬ ಅರ್ಥ ಬರುತ್ತದೆ.

ವ್ರತದ ಹೆಸರು ಎಲ್ಲೆಡೆ ಒಂದೇ ಅಲ್ಲ. ಕುಂದಕುಂದರ ಚಾರಿತ್ರಪಾಹುಡದಲ್ಲಿ ಅದು ಅತಿಥಿಪೂಜೆ. ಸಮಂತಭದ್ರರ ರತ್ನಕರಂಡಕದಲ್ಲಿ ವೈಯಾವೃತ್ಯ. ‘ಸಂವಿಭಾಗ’ ಎಂಬುದು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದ ಮಾತು. ಶ್ವೇತಾಂಬರರ ಉವಾಸಗದಸಾವೋ ಆಗಮದಲ್ಲಿ ‘ಅಹಾಸಂವಿಭಾಗ’ ಎಂದಿದೆ. ‘ಅಹಾ’ ಎಂದರೆ ಯಥಾ. ತನಗಾಗಿ ಸಿದ್ಧಪಡಿಸಿಕೊಂಡದ್ದರಲ್ಲಿಯೇ ಪಾಲು ಕೊಡುವುದೆಂದು ಟೀಕಾಕಾರರು ಬಿಡಿಸಿದ್ದಾರೆ.

ದಿಗಂಬರ ಪರಂಪರೆಯ ನಿಲುವೂ ಇದಕ್ಕೆ ದೂರವಲ್ಲ. ತನ್ನನ್ನು ಉದ್ದೇಶಿಸಿ ಮಾಡಿದ ಆಹಾರವನ್ನು ಮುನಿ ಸ್ವೀಕರಿಸುವಂತಿಲ್ಲ. ಬರುವುದಕ್ಕೆ ತಿಥಿಯ ನಿಯಮವಿಲ್ಲದವನೇ ಅತಿಥಿ ಎಂಬುದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಕೊಟ್ಟ ನಿರುಕ್ತಿಗಳಲ್ಲೊಂದು. ತಿಥಿಯಿಲ್ಲದೆ ಬರುವವನಿಗಾಗಿ ಮೊದಲೇ ಬೇರೆ ಅಡುಗೆ ಮಾಡಿಡುವುದಾದರೂ ಹೇಗೆ? ಭಿಕ್ಷೆಯಷ್ಟೇ ಅಲ್ಲ, ಉಪಕರಣ, ಔಷಧ, ವಸತಿಗಳೂ ಈ ಪಾಲಿನಲ್ಲಿ ಸೇರುತ್ತವೆ.

ಸೂತ್ರಕಾರರು ಹೇಳಿದ ಐದು ಅತಿಚಾರಗಳನ್ನು ಟ್ರಸ್ಟುಗಳ ಆಡಳಿತ ಮಂಡಲಿಗಳು ಬಿಡುವಾಗಿ ಓದಬೇಕು. ಆಹಾರವನ್ನು ಸಚಿತ್ತವಾದ ಎಲೆಯ ಮೇಲಿಡುವುದು, ಅಂಥದರಿಂದ ಮುಚ್ಚುವುದು, ಇವೆರಡು ಜೀವದಯೆಗೆ ಸೇರಿದವು. ಉಳಿದ ಮೂರು ಕೊಡುವವನ ಮನಸ್ಸಿಗೆ ಸಂಬಂಧಿಸಿದವು. ಕಾಲಾತಿಕ್ರಮವೆಂದರೆ ಹೊತ್ತು ಮೀರಿಸುವುದು. ಮಾತ್ಸರ್ಯವೆಂದರೆ ಕೊಡುತ್ತಿದ್ದರೂ ಅನಾದರ ತೋರುವುದು, ಅಥವಾ ಇನ್ನೊಬ್ಬ ದಾನಿಯ ಗುಣವನ್ನು ಸಹಿಸದಿರುವುದು; ದಾನಿಗಳ ಫಲಕದಲ್ಲಿ ಹೆಸರು ಮೇಲೋ ಕೆಳಗೋ ಎಂಬ ಜಗಳ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪರವ್ಯಪದೇಶಕ್ಕೆ ಪೂಜ್ಯಪಾದರ ಅರ್ಥ, ಇನ್ನೊಬ್ಬ ದಾತೃ ಕೊಡಬೇಕಾದುದನ್ನು ತಾನು ಅರ್ಪಿಸುವುದು. ಸಮಾಜದ ಹಣವನ್ನು ಸ್ವಂತ ಕೈಯಿಂದ ಬಂದಂತೆ ಕೊಡುವ ಪದಾಧಿಕಾರಿಯೂ ಇಲ್ಲಿ ನಿಲ್ಲುತ್ತಾನೆ.

ಗೃಹಸ್ಥರಿಗೆ ಪದ ಒಡ್ಡುವ ಕಷ್ಟ ಬೇರೆ. ಮುನಿಸಂಘ ಬಂದಾಗ ಮಾತ್ರ ಬಾವಿಯ ನೀರು, ಸೋಸುವ ಬಟ್ಟೆ, ಪ್ರತ್ಯೇಕ ಪಾತ್ರೆಗಳು ಹೊರಬರುವ ಮನೆಗಳುಂಟು. ಅಲ್ಲಿ ಭಕ್ತಿಗೆ ಕೊರತೆಯಿಲ್ಲ. ಆದರೆ ಮನೆಯವರು ದಿನವೂ ಉಣ್ಣುವ ಊಟದಿಂದ ಮುನಿಗೆ ಕೊಡಬಹುದಾದ ಒಂದು ತುತ್ತನ್ನೂ ಬೇರ್ಪಡಿಸಲಾಗದು.