ಬ್ರೂಕ್ಸ್ ನಿಯಮ: ಜನ ಹೆಚ್ಚಾದರೆ ಕೆಲಸ ಬೇಗ ಮುಗಿಯುತ್ತಾ?

ನಾನಿದ್ದ ಐದು ಜನರ ಟೀಮಿನ ಪ್ರಾಜೆಕ್ಟ್ ಒಮ್ಮೆ ತಡವಾಯ್ತು. ಮ್ಯಾನೇಜರ್ ಇನ್ನೂ ಐವರನ್ನು ತಂದು ಸೇರಿಸಿದರು. ಹೊಸಬರಿಗೆ ಕೋಡ್ ಅರ್ಥ ಮಾಡಿಸೋದರಲ್ಲೇ ನಮ್ಮ ದಿನಗಳು ಕಳೆದವು. ಕೆಲಸ ಮತ್ತಷ್ಟು ಹಿಂದೆ ಬಿತ್ತು.

ಇದಕ್ಕೆ ಬ್ರೂಕ್ಸ್ ನಿಯಮ ಅಂತಾರೆ. 1960ರ ದಶಕದಲ್ಲಿ ಐಬಿಎಂನ ಒಎಸ್/360 ಯೋಜನೆ ಮುನ್ನಡೆಸಿದ್ದ ಫ್ರೆಡ್ ಬ್ರೂಕ್ಸ್, 1975ರ 'ದಿ ಮಿಥಿಕಲ್ ಮ್ಯಾನ್-ಮಂತ್' ಪುಸ್ತಕದಲ್ಲಿ ಇದನ್ನು ವಿವರಿಸಿದರು. ಲೆಕ್ಕ ಸರಳ: ಐವರಿದ್ದರೆ ಪರಸ್ಪರ ಮಾತಾಡಿಕೊಳ್ಳಬೇಕಾದ ಜೋಡಿಗಳು 10, ಹತ್ತು ಜನರಾದರೆ 45. ಜನ ದುಪ್ಪಟ್ಟಾದರೆ ಹೊಂದಾಣಿಕೆಯ ಹೊರೆ ನಾಲ್ಕೂವರೆ ಪಟ್ಟಾಗುತ್ತದೆ.

ಜನರನ್ನು ಸೇರಿಸದ ಕಂಪನಿಗಳು ಇದ್ದವರನ್ನೇ ಹೆಚ್ಚು ಹೊತ್ತು ದುಡಿಸುತ್ತವೆ. 2024ರ ಜುಲೈನಲ್ಲಿ ಕರ್ನಾಟಕದ ಐಟಿ ನೌಕರರನ್ನು ದಿನಕ್ಕೆ 14 ಗಂಟೆವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಬಂತು. ನೌಕರರ ಸಂಘಟನೆ ಕೆಐಟಿಯು ಅದನ್ನು ವಿರೋಧಿಸಿತು. ದಣಿದ ತಲೆ ಬರೆದ ಕೋಡಿನಲ್ಲಿ ತಪ್ಪುಗಳು ಹೆಚ್ಚು. ಅವನ್ನು ತಿದ್ದೋಕೆ ಮತ್ತೆ ಓವರ್‌ಟೈಮ್!

ಹಾಗಾದರೆ ಏನು ಮಾಡಬೇಕು? ಕೆಲಸವನ್ನು ಸಣ್ಣ ತುಂಡುಗಳಾಗಿ ಒಡೆಯಿರಿ. ಎಷ್ಟು ದಿನ ಬೇಕೆಂದು ಕೋಡ್ ಬರೆಯುವವರನ್ನೇ ಕೇಳಿ. ಬ್ರೂಕ್ಸ್ ಕೋಡಿಂಗಿಗೆ ಇಟ್ಟಿದ್ದು ಒಟ್ಟು ಅವಧಿಯ ಆರನೇ ಒಂದು ಭಾಗ ಮಾತ್ರ. ಪರೀಕ್ಷೆಗೆ ಬಿಟ್ಟಿದ್ದು ಅರ್ಧ. ಆದರೂ ತಡವಾಯ್ತಾ? ಕೆಲಸದ ಪಟ್ಟಿ ಕಿರಿದಾಗಿಸಿ, ಇಲ್ಲವೇ ದಿನಾಂಕ ಮುಂದೂಡಿ.

ನಮ್ಮ ಪ್ರಾಜೆಕ್ಟಿನ ದಿನಾಂಕವನ್ನು ಗ್ರಾಹಕರಿಗೆ ಮಾತು ಕೊಟ್ಟ ಮೇಲೆ ನಮಗೆ ಹೇಳಿದ್ದರು. ಡೆಡ್‌ಲೈನನ್ನು ಯಾರು, ಯಾರನ್ನು ಕೇಳಿ ನಿಗದಿ ಮಾಡುತ್ತಾರೆ ಅನ್ನೋದು ಕಾರ್ಮಿಕರ ಹಕ್ಕಿನ ಪ್ರಶ್ನೆಯೂ ಹೌದು.