ಇಂಜಿನಿಯರಿಂಗ್ ಓದಲು ಅಂಗವೈಕಲ್ಯ ಅಡ್ಡಿಯೇ? ವಿದ್ಯಾರ್ಥಿಗಳು, ಪೋಷಕರು ತಿಳಿದಿರಬೇಕಾದ ಹಕ್ಕುಗಳು

ಎಸೆಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದ ವಿಕಲಚೇತನ ವಿದ್ಯಾರ್ಥಿಗೆ ಸಿಗುವ ಮೊದಲ ಸಲಹೆ, "ಸೈನ್ಸ್ ಬೇಡ, ಆರ್ಟ್ಸ್ ತಗೋ" ಎಂಬುದು. ಲ್ಯಾಬ್ ಕಷ್ಟ, ಮೆಟ್ಟಿಲು ಹತ್ತಲಾಗದು, ಪರೀಕ್ಷೆ ಬರೆಯೋದು ಹೇಗೆ ಎಂಬ ಭಯವೇ ಇದಕ್ಕೆ ಕಾರಣ. ಹೀಗೆ ಪಿಯುಸಿಯಲ್ಲೇ ವಿಜ್ಞಾನ ಕೈಬಿಟ್ಟವರಿಗೆ ಮುಂದೆ ಇಂಜಿನಿಯರಿಂಗ್ ಬಾಗಿಲು ಬಹುತೇಕ ಮುಚ್ಚಿದಂತೆಯೇ. ಕಾನೂನು ಕೊಟ್ಟಿರುವ ಸೀಟು ಇದ್ದರೂ ಅದನ್ನು ಕೇಳುವವರು ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ?

ವಿಕಲಚೇತನರ ಹಕ್ಕುಗಳ ಕಾಯ್ದೆ 2016, ಕಳೆದ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು. ಈಗ ಅವು 21. ದೃಷ್ಟಿ, ಶ್ರವಣ, ಚಲನೆಯ ದೋಷಗಳ ಜೊತೆಗೆ ಕಲಿಕಾ ನ್ಯೂನತೆ, ಆಟಿಸಂ, ತಲಸ್ಸೇಮಿಯಾ, ಹಿಮೋಫಿಲಿಯಾ, ಆ್ಯಸಿಡ್ ದಾಳಿಗೆ ಒಳಗಾದವರೂ ಇದರಲ್ಲಿ ಸೇರಿದ್ದಾರೆ.

ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸರಕಾರಿ ಹಾಗೂ ಸರಕಾರದ ಅನುದಾನ ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ ಶೇ. 5 ಸೀಟುಗಳನ್ನು ಶೇ. 40 ಅಥವಾ ಹೆಚ್ಚು ವೈಕಲ್ಯ ಇರುವವರಿಗೆ ಮೀಸಲಿಡಬೇಕು. ಪ್ರವೇಶದ ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆಯೂ ಇದೆ.

1960ರಲ್ಲಿ ಕೆಆರ್‌ಇಸಿಯಾಗಿ ಆರಂಭವಾಗಿ 2002ರಲ್ಲಿ ಎನ್‌ಐಟಿಯಾದ ಸುರತ್ಕಲ್‌ನ ಎನ್‌ಐಟಿಕೆಯಲ್ಲೂ ಈ ಶೇ. 5 ಅನ್ವಯಿಸುತ್ತದೆ. ಜೆಇಇ ಮೂಲಕ ಸೀಟು ಹಂಚುವಾಗ ಜನರಲ್, ಒಬಿಸಿ ಸೇರಿದಂತೆ ಪ್ರತಿಯೊಂದು ವರ್ಗದ ಒಳಗೂ ವಿಕಲಚೇತನರ ಪಾಲು ಪ್ರತ್ಯೇಕವಾಗಿರುತ್ತದೆ. ಅಂದರೆ ಒಬಿಸಿ ವಿದ್ಯಾರ್ಥಿ ಎರಡೂ ಸವಲತ್ತನ್ನು ಒಟ್ಟಿಗೆ ಕೇಳಬಹುದು. ಐಐಟಿ, ಎನ್‌ಐಟಿಗಳಲ್ಲಿ ವಿಕಲಚೇತನರಿಗೆ ಬೋಧನಾ ಶುಲ್ಕದ ವಿನಾಯಿತಿಯೂ ಇದೆ.

ಪರೀಕ್ಷೆ ಬರೆಯೋದು ಹೇಗೆ?

ಕೇಂದ್ರ ಸರಕಾರದ ಮಾರ್ಗಸೂಚಿಯಂತೆ ಬರೆಯಲು ಕಷ್ಟವಿರುವ ಅರ್ಹ ವಿದ್ಯಾರ್ಥಿಗೆ ಬರಹಗಾರರ ನೆರವು ಪಡೆಯಬಹುದು. ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು. ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ ಎಂದಾಯಿತು. ಶೇ. 40ಕ್ಕಿಂತ ಕಡಿಮೆ ವೈಕಲ್ಯ ಇದ್ದು ಬರೆಯಲು ತೊಂದರೆ ಇರುವವರಿಗಾಗಿ 2022ರಲ್ಲಿ ಪ್ರತ್ಯೇಕ ಮಾರ್ಗಸೂಚಿ ಬಂತು. ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ನೀಡಿದ ತೀರ್ಪು ಇದಕ್ಕೆ ದಾರಿ ಮಾಡಿತು. ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡುವುದು ದಯೆಯಲ್ಲ, ಸಮಾನತೆಯ ಹಕ್ಕಿನ ಭಾಗ ಎಂಬುದು ಆ ತೀರ್ಪಿನ ತಿರುಳು.

ಮಾಡಿ ತೋರಿಸಿದವರು

ಬೆಂಗಳೂರಿನ ಹೊರವಲಯದ ಅತ್ತಿಬೆಲೆ ಬಳಿಯ ಹಳ್ಳಿಯ ವಿದ್ಯಾ ವೈ. ಅವರಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಗಣಿತ, ಕಂಪ್ಯೂಟರ್ ಸೈನ್ಸ್ ಓದಿದ ಅವರು ಬೆಂಗಳೂರಿನ ಐಐಐಟಿಯಲ್ಲಿ ಡಿಜಿಟಲ್ ಸೊಸೈಟಿ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು, ಅದೂ ಚಿನ್ನದ ಪದಕದೊಂದಿಗೆ. ಅಲ್ಲಿಗೇ ನಿಲ್ಲಲಿಲ್ಲ. ಅಂಧ ಮಕ್ಕಳಿಗೆ ವಿಜ್ಞಾನ, ಗಣಿತ ಕಲಿಸುವ ವಿಷನ್ ಎಂಪವರ್ ಎಂಬ ಸಂಸ್ಥೆಯನ್ನು ಇತರರೊಂದಿಗೆ ಸೇರಿ ಕಟ್ಟಿದರು. ಆ ಸಂಸ್ಥೆಗೆ ಆಸರೆ ಕೊಟ್ಟಿದ್ದೂ ಅದೇ ಐಐಐಟಿ.

ಡಿಪ್ಲೊಮಾ ದಾರಿಯೂ ಇದೆ. ಮೈಸೂರಿನಲ್ಲಿ ಜೆಎಸ್‌ಎಸ್ ವಿಶೇಷಚೇತನರ ಪಾಲಿಟೆಕ್ನಿಕ್ 1991ರಿಂದ ನಡೆಯುತ್ತಿದೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಎರಡನೇ ವರ್ಷದ ಇಂಜಿನಿಯರಿಂಗ್‌ಗೆ ಸೇರಬಹುದು.

ಕಾಲೇಜುಗಳು ಏನು ಮಾಡಬಹುದು?

ಕರಾವಳಿಯ ಕಾಲೇಜುಗಳಲ್ಲಿ ಗುಡ್ಡದ ಮೇಲೆ ಕಟ್ಟಿದವು ಹಲವು. ಬ್ಲಾಕ್‌ನಿಂದ ಬ್ಲಾಕ್‌ಗೆ ಮೆಟ್ಟಿಲುಗಳೇ ದಾರಿ. ಬ್ಯಾರಿ ಸಮುದಾಯದವರು ಕಟ್ಟಿದ ಇಂಜಿನಿಯರಿಂಗ್ ಕಾಲೇಜುಗಳೂ ಮಂಗಳೂರು ಸುತ್ತಮುತ್ತ ಇವೆ. ಖಾಸಗಿ ಕಾಲೇಜಿಗೆ 32ನೇ ಸೆಕ್ಷನ್‌ನ ಮೀಸಲಾತಿ ಅನ್ವಯಿಸದಿದ್ದರೂ, ಸೇರಿದ ವಿದ್ಯಾರ್ಥಿ ಓದು ಮುಗಿಸುವಂತೆ ನೋಡಿಕೊಳ್ಳುವ ಹೊಣೆ ತಪ್ಪುವುದಿಲ್ಲ. ಇದಕ್ಕೆ ಕೋಟಿಗಟ್ಟಲೆ ಹಣವೂ ಬೇಡ:

- ರ‍್ಯಾಂಪ್ 1:12ರ ಇಳಿಜಾರಿನಲ್ಲಿರಲಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಇದಕ್ಕಿಂತ ಕಡಿದಾದರೆ ಗಾಲಿಕುರ್ಚಿಗೆ ಅಪಾಯ.
- ಲಿಫ್ಟ್ ಇಲ್ಲವೇ? ಆ ವಿದ್ಯಾರ್ಥಿಯ ತರಗತಿ, ಲ್ಯಾಬನ್ನು ನೆಲ ಮಹಡಿಗೆ ತನ್ನಿ.
- ಶ್ರವಣದೋಷ ಇರುವವರಿದ್ದರೆ ಬೋರ್ಡಿಗೆ ಮುಖ ಮಾಡಿ ಪಾಠ ಮಾಡಬೇಡಿ. ತುಟಿ ಓದುವವರಿಗೆ ಅಲ್ಲಿಗೆ ಪಾಠವೇ ನಿಂತುಹೋಗುತ್ತದೆ.
- ನೋಟ್ಸನ್ನು ಫೋಟೊ ತೆಗೆದು ಕಳಿಸುವ ಬದಲು ಟೈಪ್ ಮಾಡಿದ ಕಡತವಾಗಿ ಕೊಡಿ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಸಹ.
- ಬಳಸಬಹುದಾದ ಶೌಚಾಲಯ ಇರಲಿ. ಇದಿಲ್ಲದೆ ದಿನವಿಡೀ ನೀರು ಕುಡಿಯದೆ ಕೂರಬೇಕಾದ ಹೆಣ್ಣುಮಕ್ಕಳ ಕಷ್ಟ ಹೇಳತೀರದು.

ಪೋಷಕರು ಮಾಡಬೇಕಾದ್ದು

ಮೊದಲು ಯುಡಿಐಡಿ ಕಾರ್ಡ್ ಮಾಡಿಸಿ. ಅರ್ಜಿ ಆನ್‌ಲೈನ್‌ನಲ್ಲಿ, ತಪಾಸಣೆ ಸರಕಾರಿ ಆಸ್ಪತ್ರೆಯಲ್ಲಿ. ಗೊತ್ತಾಗದಿದ್ದರೆ ಗ್ರಾಮ ಪಂಚಾಯತ್‌ನ ವಿಆರ್‌ಡಬ್ಲ್ಯೂ ಅಥವಾ ತಾಲೂಕಿನ ಎಂಆರ್‌ಡಬ್ಲ್ಯೂ ಅವರನ್ನು ಕೇಳಿ, ಇದು ಅವರದೇ ಕೆಲಸ. ಸಿಇಟಿ ಅರ್ಜಿಯಲ್ಲಿ ವಿಕಲಚೇತನ ಕಾಲಂ ತುಂಬಲು ಮರೆಯಬೇಡಿ. ಕೆಇಎ ಕರೆದ ದಿನ ವೈದ್ಯಕೀಯ ತಪಾಸಣೆಗೆ ತಪ್ಪದೆ ಹಾಜರಾಗಿ.

ಎಐಸಿಟಿಇಯ ಸಕ್ಷಮ್ ಸ್ಕಾಲರ್‌ಶಿಪ್ ವರ್ಷಕ್ಕೆ 50,000 ರೂ. ನೀಡುತ್ತದೆ. ವೈಕಲ್ಯ ಶೇ. 40ಕ್ಕೆ ಕಡಿಮೆ ಇರಬಾರದು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ. ಮೀರಬಾರದು. ಪದವಿಗೆ ಗರಿಷ್ಠ 4 ವರ್ಷ, ಡಿಪ್ಲೊಮಾಕ್ಕೆ 3 ವರ್ಷ ಸಿಗುತ್ತದೆ. ಹಕ್ಕು ನಿರಾಕರಿಸಿದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ನೀಡಬಹುದು. ಕಾಯ್ದೆ ಉಲ್ಲಂಘನೆಗೆ ಮೊದಲ ಬಾರಿ 10,000 ರೂ. ವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷ ರೂ. ವರೆಗೆ ದಂಡವಿದೆ.

ನಮ್ಮ ಊರುಗಳಲ್ಲಿ ಸ್ಕಾಲರ್‌ಶಿಪ್ ಕೊಡುವ ಸಂಘಟನೆಗಳಿಗೆ ಕೊರತೆಯಿಲ್ಲ. ಅವು ಈ ವರ್ಷ ಇನ್ನೊಂದು ಕೆಲಸ ಮಾಡಲಿ. ಪ್ರತಿ ಜಮಾಅತ್ ವ್ಯಾಪ್ತಿಯಲ್ಲಿ ಹೈಸ್ಕೂಲ್ ಓದುತ್ತಿರುವ ವಿಕಲಚೇತನ ಮಕ್ಕಳು ಎಷ್ಟಿದ್ದಾರೆ, ಎಷ್ಟು ಮಂದಿಗೆ ಯುಡಿಐಡಿ ಕಾರ್ಡ್ ಇದೆ ಎಂದು ಲೆಕ್ಕ ಹಾಕಲಿ. ಬರಹಗಾರರಾಗಿ ಪರೀಕ್ಷೆ ಬರೆದುಕೊಡಲು ಯುವಕ ಯುವತಿಯರ ಪಟ್ಟಿ ಸಿದ್ಧ ಮಾಡಲಿ. ಎಸೆಸೆಲ್ಸಿ ಫಲಿತಾಂಶ ಬಂದ ವಾರ ಮನೆಗೆ ಹೋಗಿ, ಆ ಮಗುವಿಗೆ ಏನು ಓದಲು ಇಷ್ಟ ಎಂದು ಆ ಮಗುವನ್ನೇ ಕೇಳಲಿ.